ಫೋಕ್ಸ್‌ರಾಡ್ ಕಡತಗಳನ್ನು ನಾನು ಓದಿದ ಬಗೆ

1893ರಲ್ಲಿ ಗಾಂಧಿ ಪ್ರಿಟೋರಿಯಾಕ್ಕೆ ಬಂದಾಗ ಅಲ್ಲಿನ ಭಾರತೀಯರು ಫುಟ್‌ಪಾತ್ ಮೇಲೆ ನಡೆಯುವಂತಿರಲಿಲ್ಲ, ರಾತ್ರಿ ಒಂಬತ್ತರ ಮೇಲೆ ಪರವಾನಗಿ ಇಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಇದು ನಮಗೆಲ್ಲ ಗೊತ್ತು. ಆದರೆ ಆ ದೇಶಕ್ಕೆ ಕಾನೂನು ಮಾಡುತ್ತಿದ್ದ ಸಭೆ ಯಾವುದು, ಅದು ನಡೆಯುತ್ತಿದ್ದದ್ದು ಹೇಗೆ? ಗಾಂಧಿಯವರ ಆ ದಿನಗಳ ಬಗ್ಗೆ ಉಪನ್ಯಾಸ ಸಿದ್ಧಪಡಿಸುವಾಗ ನನಗೆ ಬೇಕಾಗಿದ್ದದ್ದು ಅದು. ಹಾಗಾಗಿ ಪ್ರಿಟೋರಿಯಾ ರಾಜಧಾನಿಯಾಗಿದ್ದ, ದಕ್ಷಿಣ ಆಫ್ರಿಕಾದ ಡಚ್ ಮೂಲದ ಬಿಳಿಯರಾದ ಬೋಯರರು ಆಳುತ್ತಿದ್ದ ಟ್ರಾನ್ಸ್‌ವಾಲ್ ಗಣರಾಜ್ಯದ ಫೋಕ್ಸ್‌ರಾಡ್ ಎಂಬ ಸಂಸತ್ತಿನ ಹಿಂದೆ ಬಿದ್ದೆ.

ಸಂಸತ್ತಿನ ಇತಿಹಾಸ ಅಂದರೆ ಭಾಷಣಗಳನ್ನು ಓದುವುದು ಎಂದುಕೊಂಡವರೇ ಹೆಚ್ಚು. ನಾನು ಆ ದಾರಿ ಹಿಡಿಯಲಿಲ್ಲ. ಒಂದೇ ಒಂದು ಕಾನೂನು ಆರಿಸಿಕೊಂಡು ಅದರ ಬೆನ್ನುಹತ್ತಿದೆ: 1885ರ 3ನೇ ಕಾನೂನು. ಡಚ್ ಮೂಲವನ್ನು ನಿಘಂಟು ಇಟ್ಟುಕೊಂಡು ಬಿಡಿಸಿದೆ. ಪಕ್ಕದಲ್ಲಿ ಬ್ರಿಟಿಷ್ ಸರ್ಕಾರ ಅಚ್ಚು ಹಾಕಿಸಿದ ನೀಲಿ ಪುಸ್ತಕಗಳ ಇಂಗ್ಲಿಷ್ ಪಾಠ. ಕಾನೂನಿನ ಸಂಖ್ಯೆ, ವರ್ಷ ಎರಡೂ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಕಾನೂನು ಸಣ್ಣದು, ಒಂದೆರಡು ಪುಟ. ಏಷ್ಯಾ ಮೂಲದವರಿಗೆ, ಅಂದರೆ ಅವರ ಮಾತಿನಲ್ಲಿ 'ಕೂಲಿಗಳು, ಅರಬರು, ಮಲಯರು, ತುರ್ಕಿಯ ಮುಸ್ಲಿಂ ಪ್ರಜೆಗಳು', ಪೌರತ್ವ ಇಲ್ಲ. ಸ್ಥಿರಾಸ್ತಿ ಕೊಳ್ಳುವಂತಿಲ್ಲ. ವ್ಯಾಪಾರಕ್ಕೆ ಬಂದು ನೆಲೆಸುವವರು ಎಂಟು ದಿನದೊಳಗೆ ಹೆಸರು ನೋಂದಾಯಿಸಿ 25 ಪೌಂಡ್ ಕಟ್ಟಬೇಕು. ಅವರು ವಾಸಿಸಬೇಕಾದ ಬೀದಿ, ಕೇರಿಗಳನ್ನು ಸರ್ಕಾರ ಗುರುತಿಸಬಹುದು. ಬಿಳಿಯರಿಗೂ ಬಣ್ಣದವರಿಗೂ ಚರ್ಚಿನಲ್ಲಾಗಲಿ ರಾಜ್ಯದಲ್ಲಾಗಲಿ ಸಮಾನತೆ ಕೂಡದು ಎಂದು 1858ರ ಸಂವಿಧಾನದಲ್ಲೇ ಬರೆದುಕೊಂಡಿದ್ದ ಸಭೆಯಿಂದ ಬೇರೇನು ಬರಬೇಕಿತ್ತು?

ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಮರುವರ್ಷದ ತಿದ್ದುಪಡಿ. ಬ್ರಿಟನ್ ಜೊತೆ ಟ್ರಾನ್ಸ್‌ವಾಲ್ ಮಾಡಿಕೊಂಡಿದ್ದ 1884ರ ಲಂಡನ್ ಒಪ್ಪಂದದ ಪ್ರಕಾರ ಕಪ್ಪು ಮೂಲನಿವಾಸಿಗಳನ್ನು ಬಿಟ್ಟು ಉಳಿದವರೆಲ್ಲ ಅಲ್ಲಿ ನೆಲೆಸಿ ವ್ಯಾಪಾರ ಮಾಡಬಹುದಿತ್ತು, ಹಾಗಾಗಿ ಬ್ರಿಟನ್ ತಕರಾರು ಎತ್ತಿತು. 1886ರ ಆಗಸ್ಟ್‌ನಲ್ಲಿ ಫೋಕ್ಸ್‌ರಾಡ್ ಒಂದು ಠರಾವು ಮಾಡಿ 25 ಪೌಂಡನ್ನು 3 ಪೌಂಡಿಗೆ ಇಳಿಸಿತು. ಗುರುತಿಸಿದ ಕೇರಿಗಳಲ್ಲಿ ಆಸ್ತಿ ಕೊಳ್ಳಲು ಬಿಟ್ಟಿತು. ಅದರ ಜೊತೆಗೇ ಕೇರಿ ಬೇರ್ಪಡಿಸುವುದು 'ನೈರ್ಮಲ್ಯದ ಉದ್ದೇಶಕ್ಕೆ' ಎಂದು ಸೇರಿಸಿತು. ಲಂಡನ್ ಸುಮ್ಮನಾಯಿತು. ಚೊಕ್ಕತನದ ನೆಪದಲ್ಲಿ ಜನರನ್ನು ಊರಾಚೆ ಇಡುವ ಈ ಜಾಣತನ ನಮ್ಮ ಊರುಗಳಿಗೆ ಹೊಸದಲ್ಲ, ಬಿಡಿ.

ಇಲ್ಲಿ ಠರಾವು ಎಂದದ್ದನ್ನು ಗಮನಿಸಬೇಕು. ನಿಯಮದಂತೆ ಮಸೂದೆಯನ್ನು ಮೂರು ತಿಂಗಳು ಮೊದಲೇ ಪ್ರಕಟಿಸಿ ಜನರ ಅಭಿಪ್ರಾಯಕ್ಕೆ ಬಿಡಬೇಕು. ಠರಾವಿಗೆ ಆ ಕಟ್ಟುಪಾಡಿಲ್ಲ, ಸಭೆ ಕೂತು ಕೈ ಎತ್ತಿದರೆ ಮುಗಿಯಿತು. ಅಂಥ ಠರಾವಿಗೆ ಕಾನೂನಿನ ಬಲ ಇದೆಯೇ ಎಂಬ ಪ್ರಶ್ನೆ 1897ರಲ್ಲಿ ಗಣಿ ಹಕ್ಕಿನ ಒಂದು ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಕೊಟ್ಸೆ ಅವರ ಮುಂದೆ ಬಂತು. ಸಂವಿಧಾನಕ್ಕೆ ಒಪ್ಪದ್ದನ್ನು ಕೋರ್ಟು ತಳ್ಳಿಹಾಕಬಹುದು ಎಂದರು ಅವರು. ಫೋಕ್ಸ್‌ರಾಡ್ ತಡಮಾಡಲಿಲ್ಲ: ಹಾಗೆ ಪರೀಕ್ಷಿಸುವ ನ್ಯಾಯಾಧೀಶರನ್ನು ಅಧ್ಯಕ್ಷರು ವಜಾ ಮಾಡಬಹುದು ಎಂದು ಕಾನೂನು ತಂದಿತು. 1898ರಲ್ಲಿ ಅಧ್ಯಕ್ಷ ಕ್ರೂಗರ್ ಕೊಟ್ಸೆಯವರನ್ನು ಮನೆಗೆ ಕಳಿಸಿದರು. ಈ ಸಭೆಯ ಗುಣ ನನಗೆ ಅರ್ಥವಾದದ್ದು ಇಲ್ಲಿ.

1890ರಿಂದ ಫೋಕ್ಸ್‌ರಾಡ್ ಎರಡಾಯಿತು. ಚಿನ್ನದ ಗಣಿಗಳಿಗೆ ಬಂದ ಬಿಳಿಯ ಪರದೇಶಿಗರ ಬಾಯಿ ಮುಚ್ಚಿಸಲು ಎರಡನೆಯ ಸಭೆ: ಗಣಿ, ರಸ್ತೆ, ಅಂಚೆಯಂಥ ವಿಷಯ ಅದಕ್ಕೆ. ಅದು ಮಾಡಿದ್ದನ್ನು ಮೊದಲನೆಯದು ರದ್ದು ಮಾಡಬಹುದಿತ್ತು. ಮೊದಲನೆಯದಕ್ಕೆ ಮತ ಹಾಕಲು ಅವರು 14 ವರ್ಷ ಕಾಯಬೇಕಿತ್ತು. ಇದನ್ನು ನಾನು ಬೇಗ ದಾಟಿದೆ, ಏಕೆಂದರೆ ಇಂಗ್ಲಿಷಿನಲ್ಲಿ ಈ ಗೋಳಿನ ಬಗ್ಗೆಯೇ ರಾಶಿ ರಾಶಿ ಬರೆದಿದ್ದಾರೆ.

ಪ್ರಿಟೋರಿಯಾದ ಚರ್ಚ್ ಸ್ಕ್ವೇರ್‌ನಲ್ಲಿ ಫೋಕ್ಸ್‌ರಾಡ್ ಸೇರುತ್ತಿದ್ದ, ವಿಯೆರ್ಡಾ ವಿನ್ಯಾಸದ ರಾಡ್‌ಸಾಲ್ ಕಟ್ಟಡ ಇವತ್ತಿಗೂ ಗಟ್ಟಿಯಾಗಿದೆ. 1889ರಲ್ಲಿ ಕ್ರೂಗರ್ ಅಡಿಗಲ್ಲು ಇಟ್ಟದ್ದು. ಚೌಕದ ಆಚೆ ಬದಿಗೆ ನ್ಯಾಯಾಲಯದ ಕಟ್ಟಡ, ಮಂಡೇಲಾಗೆ ಜೀವಾವಧಿ ಶಿಕ್ಷೆಯಾದದ್ದು ಅಲ್ಲಿ. ಹೋಗುವವರು ಎರಡನ್ನೂ ಒಟ್ಟಿಗೆ ನೋಡಿ.

ಬೋಯರರ ಜೊತೆಗಿನ ಯುದ್ಧದಲ್ಲಿ, 1900ರ ಜೂನ್‌ನಲ್ಲಿ, ಬ್ರಿಟಿಷರು ಪ್ರಿಟೋರಿಯಾ ಹಿಡಿದರು. (ಸೆರೆಸಿಕ್ಕ ಬೋಯರರಲ್ಲಿ ಕೆಲವರನ್ನು ನಮ್ಮ ಬಳ್ಳಾರಿಯಲ್ಲೂ ಇಟ್ಟಿದ್ದರು.) ಫೋಕ್ಸ್‌ರಾಡ್ ಹೋಯಿತು, 3ನೇ ಕಾನೂನು ಹೋಗಲಿಲ್ಲ. ಭಾರತೀಯರ ಮೇಲಿನ ಅನ್ಯಾಯವನ್ನೂ ಯುದ್ಧಕ್ಕೆ ಕಾರಣವೆಂದು ಹೇಳಿಕೊಂಡಿದ್ದವರೇ ಅದನ್ನು ಜಾರಿಯಲ್ಲಿಟ್ಟರು. ವಾಸಕ್ಕೆ ಮಾತ್ರವಲ್ಲ, ಅಂಗಡಿಗೂ ಅದೇ ಕೇರಿಗೆ ಹೋಗಬೇಕೆಂದು 1898ರಲ್ಲಿ ಬಂದಿದ್ದ ತೀರ್ಪು ರದ್ದಾದದ್ದು 1904ರಲ್ಲಿ, ಹಬೀಬ್ ಮೋಟನ್ ಎಂಬ ವ್ಯಾಪಾರಿ ಹೂಡಿದ ಮೊಕದ್ದಮೆಯಲ್ಲಿ. ನನ್ನ ಉಪನ್ಯಾಸವನ್ನು 1904ರ ಆ ತೀರ್ಪಿಗೇ ನಿಲ್ಲಿಸಿದೆ.