ಹಾರ್ಸ್‌ರಾಡಿಶ್ ಸಾಸಿವೆ: ಕೊನೆಗೂ ಘಾಟು ಉಳಿಯಿತು

ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಮೀನು, ಹಿಡಿದವರಿಗೆ ಹಾರ್ಸ್‌ರಾಡಿಶ್ ಎಂಬ ಘಾಟು ಬೇರಿನ ಗಿಡದ ಪರಿಚಯ ಬೇಕಿಲ್ಲ. ಹಿಂದಿನವರು ಬಿಟ್ಟುಹೋದ ಯಾವುದೋ ಮೂಲೆಯಲ್ಲಿ ಅದು ಇದ್ದೇ ಇರುತ್ತದೆ. ನಮ್ಮ ಅಡುಗೆಗೆ ಬಳಸುತ್ತೇನೆ ಅಂದಾಗ ಪಕ್ಕದ ಪ್ಲಾಟಿನವರು ನಕ್ಕರು, ರೋಸ್ಟ್ ಬೀಫ್ ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲವಂತೆ. ನಮ್ಮವರೂ ಬಿಡಲಿಲ್ಲ: "ಹುಳಿಗೆ ಮೂಲಂಗಿ ಸಾಲದೇ?"

ಮೊದಲ ಎರಡು ಚಳಿಗಾಲ ಅವರ ಮಾತೇ ಗೆದ್ದಿತು. ಹುಳಿಗೆ ಹಾಕಿದರೆ ಬೆಂದ ನಾರು, ರುಚಿಯಿಲ್ಲ. ಒಗ್ಗರಣೆಯಲ್ಲಿ ಬಾಡಿಸಿದರೆ ಕಹಿ. ಮಾವಿನಕಾಯಿಯ ಲೆಕ್ಕದಲ್ಲಿ ಬಿಸಿ ಎಣ್ಣೆ ಸುರಿದು ಉಪ್ಪಿನಕಾಯಿ ಹಾಕಿದ್ದು ಸುಮಾರು ಅರ್ಧ ಕಿಲೋ, ಅಷ್ಟೂ ಕಸಕ್ಕೆ ಹೋಯಿತು. ಬೇರಿನಲ್ಲಿ ಘಾಟು ಮೊದಲೇ ಇರುವುದಿಲ್ಲ. ತುರಿದಾಗಲಷ್ಟೇ ಹುಟ್ಟುತ್ತದೆ, ಬಿಸಿ ತಾಗಿದರೆ ಹಾರಿಹೋಗುತ್ತದೆ. ಅರೆದ ಸಾಸಿವೆಯದೂ ಇದೇ ಗುಣ, ಇದೇ ಘಾಟು. ಅದು ಹೊಳೆದ ಮೇಲೆ ದಾರಿ ಸಿಕ್ಕಿತು. ಮಲೆನಾಡಿನ ಕಡೆ ಹಸಿ ಸಾಸಿವೆಯನ್ನು ಕಾಯಿಯ ಜೊತೆ ಅರೆದು ಮೊಸರಿಗೆ ಬೆರೆಸಿ ಮಾಡುವ ಸಾಸಿವೆ ಇದೆಯಲ್ಲ, ಅಲ್ಲಿ ಕಾಳಿನ ಬದಲು ಈ ಬೇರು.

ಅಳತೆ ಹೀಗೆ. ಸಿಪ್ಪೆ ಹೆರೆದ ಬೇರು 200 ಗ್ರಾಂ. ಮಣ್ಣು, ಸಿಪ್ಪೆ, ಕವಲು ಎಲ್ಲ ಸೇರಿ ಮೂರರಲ್ಲೊಂದು ಭಾಗ ಹೋಗುತ್ತದೆ, ಹಾಗಾಗಿ 300 ಗ್ರಾಂ ಅಗೆದಿರಬೇಕು. ಹೆಬ್ಬೆರಳಿಗಿಂತ ದಪ್ಪನೆಯ ಹಳೇ ಬೇರಾದರೆ ನಡುವಿನ ಕಟ್ಟಿಗೆಯಂಥ ತಿರುಳು ತೆಗೆಯಿರಿ. ಬಿಲ್ಲೆ ಮಾಡಿ, ಎರಡು ಚಮಚ ತಣ್ಣೀರು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಕಿಟಕಿ ತೆರೆದಿರಲಿ, ಮುಚ್ಚಳ ತೆಗೆಯುವಾಗ ಮುಖ ಆಚೆ ತಿರುಗಿಸಿ. ಈರುಳ್ಳಿಯ ಉರಿ ಇದರ ಮುಂದೆ ಏನೂ ಅಲ್ಲ. ಈಗ ಗಡಿಯಾರ ನೋಡಿ 3 ನಿಮಿಷ ಕಾಯಬೇಕು. ಆಮೇಲೆ ಎರಡು ನಿಂಬೆಹಣ್ಣಿನ ರಸ, ಅರ್ಧ ಚಮಚ ಉಪ್ಪು. ಹುಳಿ ಬಿದ್ದ ಕ್ಷಣ ಘಾಟು ಏರುವುದು ನಿಲ್ಲುತ್ತದೆ. ಅರೆದ ತಕ್ಷಣ ನಿಂಬೆ ಹಿಂಡಿದರೆ ಮಕ್ಕಳೂ ತಿನ್ನುವಷ್ಟು ಸೌಮ್ಯ. ಹಿಂಡುವುದನ್ನೇ ಮರೆತರೆ ಕಂದು ಬಣ್ಣ, ಕಹಿ. ಬಿಳಿ ಬಣ್ಣ ಉಳಿಯಲು ನಾನು ಇನ್ನೊಂದು ಚಿಟಿಕೆ ಪದಾರ್ಥ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಫ್ರಿಜ್ಜಿನಲ್ಲಿ ಐದಾರು ವಾರ ಚೆನ್ನಾಗಿರುತ್ತದೆ, ಆಮೇಲೆ ಘಾಟು ಇಳಿಯುತ್ತದೆ. ಹುಳಿ ಹಾಕದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಸಾಹಸ ಮಾತ್ರ ಬೇಡ.

ಸಾಸಿವೆಗೆ ಬೇಯಿಸಿ ತುರಿದ ಬೀಟ್‌ರೂಟ್ ಕಾಲು ಕಿಲೋ, ಕಾಯಿತುರಿ ನಾಲ್ಕು ಚಮಚ, ಹಸಿಮೆಣಸು ಒಂದು, ಗಟ್ಟಿ ಮೊಸರು ಒಂದು ಬಟ್ಟಲು. ಕಾಯಿ, ಮೆಣಸು ಅರೆದು ಬೆರೆಸಿ, ಒಗ್ಗರಣೆ ಕೊಟ್ಟು, ಪೂರ್ತಿ ಆರಿದ ಮೇಲೆ ಈ ಬೇರಿನ ಮುದ್ದೆ ಎರಡು ಚಮಚ. ಕ್ರಮ ತಪ್ಪಿದರೆ ಮತ್ತೆ ಸಪ್ಪೆ. ಪೂರ್ವ ಯುರೋಪಿನವರು ಬೀಟ್‌ರೂಟ್ ಮತ್ತು ಇದೇ ಬೇರನ್ನು ಸೇರಿಸಿ ಖ್ರೇನ್ ಎಂಬ ಚಟ್ನಿ ಮಾಡುತ್ತಾರೆ, ಆದ್ದರಿಂದ ಜೋಡಿ ನನ್ನ ಕಲ್ಪನೆಯಲ್ಲ, ಮೊಸರು ಕಾಯಿ ಮಾತ್ರ ನಮ್ಮದು. ನಕ್ಕ ಪಕ್ಕದವರು ಈಗ ಡಬ್ಬಿ ತಂದು ಕೇಳುತ್ತಾರೆ.

ನುಗ್ಗೆಗೆ ಇಂಗ್ಲಿಷರು ಹಾರ್ಸ್‌ರಾಡಿಶ್ ಟ್ರೀ ಅಂದದ್ದೂ ಇದೇ ಘಾಟಿಗೆ, ಭಾರತದಲ್ಲಿದ್ದಾಗ ನುಗ್ಗೆ ಬೇರನ್ನೇ ತುರಿದುಕೊಂಡು ತಿಂದರು. ಊರಲ್ಲಿರುವವರು ಅದನ್ನು ಅನುಕರಿಸಬೇಡಿ, ಆ ಬೇರಿನ ಸಿಪ್ಪೆಯಲ್ಲಿ ವಿಷವಿದೆ.

ಹಣ ಕಳೆದದ್ದು ಅಡುಗೆಮನೆಯಲ್ಲಲ್ಲ, ಮಣ್ಣಿನಲ್ಲಿ. ಗಿಡ ಹಬ್ಬಿದೆಯೆಂದು ಮಣ್ಣು ಉಳುವ ರೋಟವೇಟರ್ ಯಂತ್ರ ಬಾಡಿಗೆಗೆ ತಂದೆ, ಹೆಚ್ಚುಕಮ್ಮಿ 60 ಪೌಂಡ್. ತುಂಡಾದ ಪ್ರತಿ ಚೂರೂ ಚಿಗುರಿತು. ಸಿಪ್ಪೆ, ಕವಲುಗಳನ್ನು ಗೊಬ್ಬರದ ಗುಂಡಿಗೆ ಹಾಕಿದ್ದು ಎರಡನೇ ತಪ್ಪು, ಮರುವರ್ಷ ಆಲೂಗಡ್ಡೆ ಸಾಲಿನಲ್ಲೆಲ್ಲ ಅದೇ. ತಳ ಕತ್ತರಿಸಿದ ಬಕೆಟ್ಟನ್ನು ಹುಗಿದು ಅದರಲ್ಲಿ ನೆಟ್ಟೆ, ಬೇರು ಅಡಿಯಿಂದ ನುಸುಳಿತು. ಕೊನೆಗೆ ಕೆಲಸಕ್ಕೆ ಬಂದದ್ದು ಇದು: ಎತ್ತರದ ಕಸದ ಡಬ್ಬಿ, ತಳಕ್ಕೆ ತೂತು, ಡಬ್ಬಿ ನೆಲಕ್ಕೆ ತಾಗದಂತೆ ಕೆಳಗೆ ಇಟ್ಟಿಗೆ, ಎರಡು ಪಾಲು ಕಾಂಪೋಸ್ಟಿಗೆ ಒಂದು ಪಾಲು ಮರಳು. ಡಬ್ಬಿಗೆ ಬೇರಿನ ಮೂರು ತುಂಡು. ಎರಡು ಡಬ್ಬಿ, ಮರಳು, ಕಾಂಪೋಸ್ಟ್ ಎಲ್ಲ ಸೇರಿ 40 ಪೌಂಡಿನ ಆಸುಪಾಸು. ಎಲೆ ಒಣಗಿದ ಮೇಲೆ ನವೆಂಬರಿನಲ್ಲಿ ಟಾರ್ಪಾಲಿನ ಮೇಲೆ ಬೋರಲು ಹಾಕಿದರೆ ಡಬ್ಬಿಗೆ ಒಂದು ಕಿಲೋ ಚಿಲ್ಲರೆ, ನೇರ ಬೇರು, ಅಗೆತವಿಲ್ಲ. ಅಂಗಡಿಯಲ್ಲಿ ತಾಜಾ ಬೇರು ಕಿಲೋಗೆ 10–12 ಪೌಂಡ್ ಕೊಟ್ಟ ನೆನಪು, ಎರಡನೇ ವರ್ಷಕ್ಕೆ ಖರ್ಚು ಹುಟ್ಟಿತು. ರೋಟವೇಟರಿನದು ಲೆಕ್ಕಕ್ಕೆ ಹಿಡಿದಿಲ್ಲ.

ಎಲೆಯಲ್ಲಿ ಪತ್ರೊಡೆ ಮಾಡಿ ನೋಡಿದೆ. ಕೆಸುವಿನ ತುರಿಕೆ ಇಲ್ಲ, ಆದರೆ ಬಲಿತ ಎಲೆ ಹಗ್ಗದಂತೆ. ಏಪ್ರಿಲಿನ ಗೇಣುದ್ದದ ಎಳೆ ಎಲೆಯಾದರೆ ಪರವಾಗಿಲ್ಲ, ಜುಲೈಗೆ ಕೋಸಿನ ಹುಳ ಜರಡಿ ಮಾಡಿರುತ್ತದೆ. ಅಲ್ಲಿನ ಬೇರೆ ಕಳೆಗಳೂ ಅಡುಗೆಗಾಗುತ್ತವೆ. ಮುಟ್ಟಿದರೆ ತುರಿಸುವ ನೆಟಲ್‌ನ ತುದಿ ನಾಲ್ಕೆಲೆ, ಹೂ ಬಿಡುವ ಮೊದಲು, ಕೈಗವಸು ಹಾಕಿ ಕಿತ್ತು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿದರೆ ತುರಿಕೆ ಹೋಗುತ್ತದೆ, ಜೀರಿಗೆ, ಕಾಳುಮೆಣಸು, ಕಾಯಿ ಜೊತೆ ಅರೆದು ಮಜ್ಜಿಗೆ ಬೆರೆಸಿದರೆ ಒಳ್ಳೆಯ ತಂಬುಳಿ. ಫ್ಯಾಟ್ ಹೆನ್, ಅಂದರೆ ಉತ್ತರದವರ ಬಥುವಾ, ಮಸ್ಸೊಪ್ಪಿಗೆ ಪಾಲಕಕ್ಕಿಂತ ಮೇಲು.

ಎಲೆ ನೋಡಿ ಡಾಕ್ ಎಂಬ ಕಳೆಯನ್ನು ಹಾರ್ಸ್‌ರಾಡಿಶ್ ಅಂದುಕೊಂಡವರಿದ್ದಾರೆ, ಹಿಸುಕಿದಾಗ ಮೂಗಿಗೆ ಘಾಟು ಬಾರದಿದ್ದರೆ ಅಗೆಯಬೇಡಿ. ಮಾಂಕ್ಸ್‌ಹುಡ್‌ನ ವಿಷಬೇರನ್ನು ಇದೆಂದು ತಿಂದು ಸತ್ತವರೂ ಉಂಟು. ದಾರಿಬದಿಯ ಗಿಡವನ್ನಂತೂ ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಬೇರು ಸಮೇತ ಕೀಳುವಂತಿಲ್ಲ, ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯೇ ಇದೆ.

ನವೆಂಬರಿನ ಸುಗ್ಗಿಯಲ್ಲೇ ಪೆನ್ಸಿಲ್ ದಪ್ಪದ, ಗೇಣುದ್ದದ ಆರು ಕವಲುಗಳನ್ನು ತೆಗೆದು ಒದ್ದೆ ಮರಳಿನಲ್ಲಿಡಿ. ಮೇಲ್ತುದಿ ನೇರ, ಕೆಳತುದಿ ಓರೆ ಕತ್ತರಿಸಿರಲಿ. ಮಾರ್ಚಿನಲ್ಲಿ ನೆಡುವಾಗ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಾಗುವುದು ಆ ಕಡಿತದಿಂದಲೇ.