ಮೊದಲು ಬಸ್ಸು, ಆಮೇಲೆ ಬಫೆ

ನಮ್ಮದು ಮಂಗಳೂರಿನ ಬೈಕಂಪಾಡಿಯಲ್ಲಿ ಸರಕು ಸಾಗಣೆಯ ಕಂಪನಿ. ಆಫೀಸು, ಗೋಡೌನು, ಲಾರಿ ಎಲ್ಲ ಸೇರಿ 86 ಜನ. ನಾನು ಅಡ್ಮಿನ್ ನೋಡಿಕೊಳ್ಳುತ್ತೇನೆ. ವರ್ಷದ ಕೊನೆಯ ಪಾರ್ಟಿಗೆ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಂದದ್ದು ನನ್ನ ಬಾಯಿಯಿಂದಲೇ. 2024ರ ಪಾರ್ಟಿ ಮುಗಿದ ಮರುದಿನ ಮ್ಯಾನೇಜರ್ ಎದುರು ನಿಂತು ಇದ್ದದ್ದೆಲ್ಲ ಹೇಳಿಬಿಟ್ಟಿದ್ದೆ. ಅವರು ಪೂರ್ತಿ ಕೇಳಿ, "ಹಾಗಾದ್ರೆ ಮುಂದಿನ ಸಲ ನೀವೇ ನೋಡಿ ಮೇಡಂ" ಅಂದರು. ಮುಗಿಯಿತು.

ಆ ವರ್ಷ ಕಡಲ ತೀರದ ಒಂದು ರೆಸಾರ್ಟಿಗೆ ಹೋಗಿದ್ದೆವು. ಫೋಟೋದಲ್ಲಿ ತುಂಬಾ ಚಂದ ಇತ್ತು. ಆದರೆ ನಾವು ಶುರು ಮಾಡಿದ್ದೇ ಸಂಜೆ ಏಳೂವರೆಗೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಕಡಲು ಅಂತ ಹೋದವರಿಗೆ ಕಂಡದ್ದು ಬರೀ ಕತ್ತಲೆ. ರಾತ್ರಿ ಮಂಜು ಬಿದ್ದು ಕುರ್ಚಿ ಒದ್ದೆಯಾಯಿತು, ಹಪ್ಪಳ ಮೆತ್ತಗಾಯಿತು. ಭಾಷಣ, ಬಹುಮಾನ, ಮತ್ತೆ ಭಾಷಣ. ಊಟ ತೆಗೆಯುವಾಗ ಒಂಬತ್ತೂವರೆ. ಅಷ್ಟರಲ್ಲಿ ಐದು ಜನ ಹೆಂಗಸರು ಹೊರಟುಹೋಗಿದ್ದರು. ತಡವಾದರೆ ಅವರ ಕಡೆಗೆ ಬಸ್ಸಿಲ್ಲ. ಅವರ ಪ್ಲೇಟಿಗೂ ಕಂಪನಿ ದುಡ್ಡು ಕೊಟ್ಟಿತ್ತು, ಅವರು ಮನೆಗೆ ಹೋಗಿ ಗಂಜಿ ಉಂಡರು. ಉಳಿದವರು ಊಟ ಮುಗಿಸಿ ಡ್ಯಾನ್ಸಿಗೆ ಎದ್ದಾಗ ಹತ್ತು ಗಂಟೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸೌಂಡಿನವನು ವೈರ್ ಸುತ್ತಿಟ್ಟ.

ಅದಕ್ಕೇ ಈ ಸಲ ನಾನು ಮೊದಲು ಯಾವ ಹಾಲನ್ನೂ ನೋಡಲಿಲ್ಲ. ಹಾಜರಿ ಪುಸ್ತಕ ತೆಗೆದು ಯಾರು ಎಲ್ಲಿಂದ ಬರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದೆ. ಸುರತ್ಕಲ್, ಕುಳಾಯಿ, ಕಾಟಿಪಳ್ಳದ ಕಡೆಯವರು 38. ಮೂಲ್ಕಿ, ಕಿನ್ನಿಗೋಳಿ 17. ಕೊಟ್ಟಾರ, ಬಿಜೈ, ಕಂಕನಾಡಿ ಹೀಗೆ ಪೇಟೆಯೊಳಗಿನವರು 16. ತೊಕ್ಕೊಟ್ಟು ಮತ್ತು ಬಿ.ಸಿ.ರೋಡ್ ಕಡೆ 9. ಉಳಿದ ಆರು ಹುಡುಗರು ಬಾಗಲಕೋಟೆ ಕಡೆಯವರು, ಗೋಡೌನಿನ ಹಿಂದಿನ ರೂಮಿನಲ್ಲೇ ಇರುತ್ತಾರೆ. ಇಷ್ಟು ಬರೆದ ಮೇಲೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯಿತು. ಜಾಗ ಕೂಳೂರಿನಿಂದ ಉತ್ತರಕ್ಕೇ ಇರಬೇಕು. ಪೇಟೆಯ ನಡುವಿನ ಹಂಪನಕಟ್ಟೆಗೆ ಕರೆದರೆ ಮುಕ್ಕಾಲು ಪಾಲು ಜನ ಶನಿವಾರ ಸಂಜೆ ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲೇ ಪಾರ್ಟಿ ಮಾಡಬೇಕಾಗುತ್ತಿತ್ತು.

ಆದರೂ ಹಂಪನಕಟ್ಟೆಯ ಒಂದು ದೊಡ್ಡ ಹೋಟೆಲಿಗೆ ಹೋಗಿ ಬಂದೆ. ಮ್ಯಾನೇಜರಿಗೆ ಅಲ್ಲೇ ಆಸೆ ಇತ್ತು. ಹಾಲಿಗೆ ಬಾಡಿಗೆ ಇಲ್ಲ ಅಂದಾಗ ನಾನೂ ಸ್ವಲ್ಪ ಮೆತ್ತಗಾದೆ. ಆಮೇಲೆ ಗೊತ್ತಾಯಿತು, ಪ್ಲೇಟಿಗೆ 1,350 ರೂಪಾಯಿ, ಕಡಿಮೆ ಅಂದರೆ 100 ಪ್ಲೇಟಿಗೆ ಗ್ಯಾರಂಟಿ ಕೊಡಬೇಕು, ಜಿಎಸ್‌ಟಿ ಬೇರೆ. ನಾವಿರುವುದು 86. ಹದಿನಾಲ್ಕು ಜನ ಇಲ್ಲದವರಿಗೆ ಊಟ ಹಾಕಿದ ಹಾಗೆ! ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ನಮ್ಮ ಹಿರಿಯ ಡ್ರೈವರಣ್ಣನನ್ನು ಸುಮ್ನೆ ಕೇಳಿದೆ, "ಅಲ್ಲಿ ಇಟ್ಟರೆ ಬರ್ತೀರಾ?" ಅಂತ. "ಬರುವ ಅಕ್ಕ, ಆದ್ರೆ ಚಪ್ಪಲಿ ಹಾಕಿ ಒಳಗೆ ಬಿಡ್ತಾರಾ?" ಅಂದರು. ನಗುತ್ತಲೇ ಹೇಳಿದ್ದು. ನನಗೆ ಆ ಹೋಟೆಲ್ ಅಲ್ಲಿಗೆ ಸಾಕಾಯಿತು.

ಹುಡುಗರು ಸೇಂಟ್ ಮೇರೀಸ್ ದ್ವೀಪ ಅಂದರು. ಮಲ್ಪೆಗೆ ಹೋಗಿ ಬೋಟ್ ಹತ್ತಬೇಕು, ಸಂಜೆಯೊಳಗೆ ವಾಪಸ್ ಬರಬೇಕು. ಅಲ್ಲಿ 86 ಜನರಿಗೆ ಊಟ ಬಡಿಸುವುದೆಲ್ಲಿ? ಅದು ಮೂರು ನಿಮಿಷದಲ್ಲಿ ಬಿತ್ತು. ಪಿಲಿಕುಳದ ಬಗ್ಗೆ ನನಗೇ ಆಸೆ ಇತ್ತು. ಕೆರೆ ಉಂಟು, ತುಳುನಾಡಿನ ಹಳೇ ಕಾಲದ ಗುತ್ತಿನ ಮನೆ ಉಂಟು, ಮೃಗಾಲಯ ಉಂಟು. ಆದರೆ ಅದು ಮಕ್ಕಳನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಹೋಗುವ ಜಾಗ. ನಮ್ಮ ಗೋಡೌನ್ ಶನಿವಾರ ಮಧ್ಯಾಹ್ನ ಒಂದರವರೆಗೆ ನಡೆಯುತ್ತದೆ. ಅಲ್ಲದೆ ವಾಚ್‌ಮನ್ ಅಣ್ಣನ ಮೊಣಕಾಲು ಅಷ್ಟು ನಡೆಯುವುದಿಲ್ಲ.

ಜಾಗಕ್ಕಿಂತ ಜಾಸ್ತಿ ಮಂಡೆಬಿಸಿ ಮಾಡಿದ್ದು ತಾರೀಕು. ನವೆಂಬರಿನಿಂದ ಇಲ್ಲಿ ಶನಿವಾರ, ಭಾನುವಾರ ಕೈಗೆ ಸಿಗುವುದಿಲ್ಲ. ಒಂದು ಕಡೆ ಕಂಬಳ, ಇನ್ನೊಂದು ಕಡೆ ಯಕ್ಷಗಾನ ಮೇಳದ ಆಟ, ಊರಿನ ದೈವದ ನೇಮ, ಮಕ್ಕಳ ಸ್ಕೂಲ್ ಡೇ. ಹಾಲ್ ಕೇಳಲು ಹೋದರೆ ಎಲ್ಲ ಕಡೆ "ಮದುವೆ ಉಂಟು" ಅನ್ನುವ ಉತ್ತರ. ಕೊನೆಗೆ ಕುಳಾಯಿ ಹತ್ತಿರದ ಒಂದು ಸಮಾಜ ಭವನದ ಮೇಲ್ವಿಚಾರಕರು ಡೈರಿ ತೆರೆದು ತೋರಿಸಿದರು. "ನೋಡಿ ಮೇಡಂ, 16ಕ್ಕೆ ಧನು ಸಂಕ್ರಮಣ. ಅಲ್ಲಿಂದ ನಮ್ಮವರ ಮದುವೆ ಇಲ್ಲ. ಕ್ರಿಶ್ಚಿಯನ್ನರದ್ದು ಕ್ರಿಸ್‌ಮಸ್ ಮುಗಿಯದೆ ಶುರುವಾಗುವುದಿಲ್ಲ. ನಡುವಿನ ಈ ವಾರ ಎಂತದ್ದೂ ಇಲ್ಲ."

ನಾನು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಆದರೂ ಇದು ಹೊಳೆದಿರಲಿಲ್ಲ! ಧನುರ್ಮಾಸದಲ್ಲಿ ಹಿಂದೂಗಳಲ್ಲಿ ಮದುವೆ ಮಾಡುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರದ ಆಗಮನ ಕಾಲದಲ್ಲಿ ಕೆಥೋಲಿಕರಲ್ಲಿ ಮದುವೆ ಕಡಿಮೆ. ಹಬ್ಬ ಮುಗಿದದ್ದೇ ತಡ, ಗಲ್ಫಿನಿಂದ ರಜೆಗೆ ಬಂದವರದ್ದು ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ ಅಂತ ಸಾಲು ಹಿಡಿಯುತ್ತದೆ. ಹಾಗಾಗಿ ಡಿಸೆಂಬರ್ 16ರಿಂದ 24ರವರೆಗೆ ಹಾಲುಗಳು ಉಸಿರು ಬಿಡುತ್ತವೆ. ನಾನು 2025ರ ಡಿಸೆಂಬರ್ 20, ಶನಿವಾರ ಅಂತ ಬರೆಸಿದೆ. ಮಿನಿ ಹಾಲ್ ಬಾಡಿಗೆ 18,000, ಅದರಲ್ಲೇ ಕ್ಲೀನಿಂಗ್. ಠೇವಣಿ 5,000.

ಬರೆಸುವ ಮೊದಲು ಒಂದು ಸಲ ನೋಡಿಕೊಂಡು ಬಂದಿದ್ದೆ. ಬೇರೆ ಸಮಾರಂಭ ನಡೆಯುವ ದಿನವೇ ಬೇಕೆಂದು ಹೋದೆ. ಖಾಲಿ ಹಾಲ್ ಯಾವಾಗಲೂ ಚೊಕ್ಕ ಇರುತ್ತದೆ, ಅಲ್ವಾ? ಜನ ತುಂಬಿದಾಗ ಕೈ ತೊಳೆಯುವ ನಳ್ಳಿಯಲ್ಲಿ ನೀರು ಬರುತ್ತದಾ, ಹೆಂಗಸರ ಟಾಯ್ಲೆಟ್‌ನಲ್ಲಿ ಬಕೆಟ್ ಉಂಟಾ, ಮೈಕಿನಲ್ಲಿ ಮಾತಾಡಿದ್ದು ಕೊನೆಯ ಸಾಲಿಗೆ ತಿಳಿಯುತ್ತದಾ, ಇದನ್ನೆಲ್ಲ ಆಗಲೇ ನೋಡಬೇಕು. ಇನ್ನೊಂದು ಹಾಲಿಗೆ ತಗಡಿನ ಮಾಡು ಇತ್ತು. ಅಲ್ಲಿ ಪುರೋಹಿತರು ಒಂದು ಸಲ ಹೇಳಿದ ಮಂತ್ರ ನಮಗೆ ಎರಡು ಸಲ ಕೇಳಿತು. ಅದನ್ನು ಬಿಟ್ಟೆ. ಮತ್ತೊಂದು ದೇವಸ್ಥಾನದ್ದು. ಬಾಡಿಗೆ ಅಗ್ಗ, ಪಾರ್ಕಿಂಗ್ ದೊಡ್ಡದು, ಆದರೆ ಒಳಗೆ ಮೀನು ಮಾಂಸ ಇಲ್ಲ. ನಮ್ಮ ಜನರಿಗೆ ಕೋಳಿ ಇಲ್ಲದ ಪಾರ್ಟಿ ಅಂದರೆ ಆಡಿಟ್ ಮೀಟಿಂಗ್ ಇದ್ದ ಹಾಗೆ. ಕುಳಾಯಿಯದ್ದರಲ್ಲಿ ಊಟದ ಜಾಗ ಕೆಳಗೆ ಬೇರೆಯೇ ಇತ್ತು. ಇದು ದೊಡ್ಡ ಲಾಭ. ಎಸಿ ಹಾಲಿನೊಳಗೆ ಬಂಗುಡೆ ಬಡಿಸಿದರೆ ಆ ವಾಸನೆ ಮೂರು ದಿನ ಸೀರೆಯಲ್ಲೇ ಇರುತ್ತದೆ. ವಾಚ್‌ಮನ್ ಅಣ್ಣನಿಗಾಗಿ ಇಳಿಜಾರು ದಾರಿಯೂ ಇತ್ತು. ಜನರೇಟರ್ ಉಂಟು ಅಂದರು.

ಮದ್ಯದ ಮಾತು ಬಂದೇ ಬಂತು. ಲೈಸೆನ್ಸ್ ಇಲ್ಲದ ಹಾಲಿನಲ್ಲಿ ಕೊಡಬೇಕಾದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಪರವಾನಗಿ ತೆಗೆಯಬೇಕು. ನಾನು ಅಲ್ಲಿಯವರೆಗೆ ಹೋಗಲೇ ಇಲ್ಲ. ಭವನದವರೇ ಬೇಡ ಅಂದಿದ್ದರು, ನನಗೆ ಬೇಕಾದದ್ದೂ ಅದೇ. ಸೇಲ್ಸಿನ ಹುಡುಗರ ಮುಖ ಎರಡು ದಿನ ಸಪ್ಪೆ ಇತ್ತು. ಪಾರ್ಟಿ ಮುಗಿದ ಮೇಲೆ ಅವರು ಎಲ್ಲಿಗೆ ಹೋದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಊಟಕ್ಕೆ ಹೊರಗಿನ ಕ್ಯಾಟರಿಂಗ್‌ನವರನ್ನು ತರಬಹುದಿತ್ತು. 85 ಪ್ಲೇಟ್, ತಲಾ 560. ಅಂಜಲ್ ಮೀನು ಅಂತ ಬರೆಸಲು ಹೋದೆ. ಕ್ಯಾಟರಿಂಗ್‌ನವರೇ ತಡೆದರು. "ಅಂಜಲ್ ರೇಟ್ ಆ ದಿನ ಬೆಳಿಗ್ಗೆ ದಕ್ಕೆಯಲ್ಲಿ ಎಷ್ಟು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬಂಗುಡೆ ಪುಳಿಮುಂಚಿ ಅಂತ ಬರೆಯಿರಿ, ಇಬ್ಬರಿಗೂ ನಿದ್ದೆ ಬರ್ತದೆ" ಅಂದರು. ಅದರ ಜೊತೆ ಕೋರಿ ಸುಕ್ಕ ಅಂದರೆ ಕೋಳಿ ಸುಕ್ಕ, ನೀರ್ ದೋಸೆ, ಕಡ್ಲೆ ಮನೋಳಿ (ತೊಂಡೆಕಾಯಿ), ಅನ್ನ, ಸಾರು, ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್. ಅನ್ನ ಎರಡು ಬಗೆ ಹೇಳಿದೆ. ನಮಗೆ ಕುಚ್ಚಲು, ಬಾಗಲಕೋಟೆ ಹುಡುಗರಿಗೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯದ್ದು. ಕೋಳಿ ಹಲಾಲ್ ಆಗಿರಲಿ ಅಂತ ಮೊದಲೇ ಬರೆಸಿದೆ.

ಆ ವಾರ ಶಬರಿಮಲೆ ಮಾಲೆ ಹಾಕಿದವರು ನಾಲ್ಕು ಜನ ಇದ್ದರು. ಮಂಡಲ ಪೂಜೆ ಮುಗಿಯುವುದು ಕ್ರಿಸ್‌ಮಸ್ ಆದ ಮೇಲೆ. ಅವರಿಗೆ ಮೇಲಿನ ಹಾಲಿನ ಪಕ್ಕದ ಕೋಣೆಯಲ್ಲಿ ಹಣ್ಣು, ಅವಲಕ್ಕಿ ಇಡಿಸಿದೆ. ಅಕೌಂಟ್ಸಿನ ಒಬ್ಬರು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಅವರಿಗೆ ಐದೂವರೆಗೇ ಬಡಿಸಿ ಅಂದೆ. ಹಿಂದಿನ ವರ್ಷ ಅವರು ಒಂದು ಎಳನೀರು ಕುಡಿದು ಹೋಗಿದ್ದರು ಅಂತ ಆಗ ಗೊತ್ತಾಯಿತು. ನಾವು ಯಾರೂ ನೋಡಿರಲಿಲ್ಲ.

ದಿನ ಹೀಗೆ ಹೋಯಿತು. ನಾಲ್ಕಕ್ಕೆ ಶುರು, ಭಾಷಣಕ್ಕೆ ಇಪ್ಪತ್ತು ನಿಮಿಷ, ಬಹುಮಾನ, ಅಂತ್ಯಾಕ್ಷರಿ, ಡ್ಯಾನ್ಸು. ಆರೂಮುಕ್ಕಾಲಿಗೆ ಊಟ. ಎಂಟೂಕಾಲಿಗೆ ಎರಡು ಮಿನಿ ಬಸ್. ಒಂದು ಮೂಲ್ಕಿ ದಾಟಿ ಕಿನ್ನಿಗೋಳಿಗೆ. ಇನ್ನೊಂದು ಪೇಟೆಯವರನ್ನು ನಂತೂರಿನಲ್ಲಿ ಇಳಿಸಿ, ತೊಕ್ಕೊಟ್ಟಿಗೆ ಹೋಗಿ, ಅಲ್ಲಿಂದ ಬಿ.ಸಿ.ರೋಡಿಗೆ. ಎರಡಕ್ಕೂ ಸೇರಿ 9,000. ಇಡೀ ಖರ್ಚಿನಲ್ಲಿ ನನಗೆ ಅತಿ ಸಮಾಧಾನ ಕೊಟ್ಟ ದುಡ್ಡು ಇದು. ಈ ಸಲ ಊಟ ಬಿಟ್ಟು ಹೋದವರು ಒಬ್ಬರೂ ಇಲ್ಲ.

ತಪ್ಪಾದದ್ದು ನೀರ್ ದೋಸೆ. ಬಿಸಿಬಿಸಿ ಹೊಯ್ದು ಕೊಡಲಿ ಅಂತ ಆಸೆಪಟ್ಟವಳು ನಾನೇ, ಒಂದೇ ಕಾವಲಿ ಸಾಕು ಅಂದವಳೂ ನಾನೇ. ಒಂದು ದೋಸೆಗೆ ಒಂದು ನಿಮಿಷ ಹಿಡಿಯಿರಿ, ಒಬ್ಬರಿಗೆ ನಾಲ್ಕಾದರೂ ಬೇಕು. ಲೆಕ್ಕ ನೀವೇ ಮಾಡಿ! ಸಾಲು ಮೆಟ್ಟಿಲವರೆಗೆ ಬಂತು. ಸುಕ್ಕ ಆರಿತು. ಕಡೆಗೆ ಅರ್ಧ ಜನ ಸುಕ್ಕವನ್ನು ಅನ್ನಕ್ಕೆ ಕಲಸಿ ಉಂಡರು. ಡ್ರೈವರಣ್ಣ ಮಾತ್ರ ಸಾಲು ಬಿಡಲಿಲ್ಲ. ತಿಂದದ್ದಲ್ಲದೆ ಆರು ದೋಸೆ ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡು ಬಸ್ ಹತ್ತಿದರು. "ಮನೆಯಲ್ಲಿ ಇವಳಿಗೆ" ಅಂದರು.

ಸೋಮವಾರ ಠೇವಣಿ ವಾಪಸ್ ತರಲು ಹೋದೆ. ಒಂದು ಬಕೆಟ್ ಒಡೆದಿದೆ ಅಂತ 300 ಹಿಡಿದುಕೊಂಡರು. ಯಾರು ಒಡೆದದ್ದೋ ದೇವರಿಗೇ ಗೊತ್ತು. ಉಳಿದ 4,700 ಕೈಗೆ ಕೊಡಲು ಬಂದವರಿಗೆ ಅಲ್ಲೇ ಇಟ್ಟುಕೊಳ್ಳಿ ಅಂದೆ. ಡೈರಿ ತೆರೆಸಿ 2026ರ ಡಿಸೆಂಬರ್ 19 ಬರೆಸಿದೆ. ಶನಿವಾರವೇ, ಧನು ಸಂಕ್ರಮಣ ಕಳೆದ ಮೇಲಿನದ್ದು. ಪಕ್ಕದಲ್ಲಿ ನನಗೋಸ್ಕರ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಮಾತು ಬರೆದುಕೊಂಡೆ: ಕಾವಲಿ ಮೂರು.