ಅಮೆರಿಕದ ಮನೆಗೆ ಮೊದಲ ಡ್ರಿಲ್: ಹೊಸದಾಗಿ ಬಂದ ಕುಟುಂಬಗಳಿಗೆ

ಊರಿನಲ್ಲಿ ಒಂದು ಶೆಲ್ಫ್ ಹೊಡೆಸಬೇಕೆಂದರೆ ಬಡಗಿಗೆ ಫೋನ್ ಮಾಡುತ್ತೇವೆ. ಇಲ್ಲಿ ಅಷ್ಟೇ ಕೆಲಸಕ್ಕೆ ಜನ ಕರೆಸಿದರೆ ಶೆಲ್ಫಿಗಿಂತ ಕೂಲಿಯೇ ಹೆಚ್ಚು. ಹಾಗಾಗಿ ಬಂದ ಕೆಲವೇ ತಿಂಗಳಲ್ಲಿ ಹೆಚ್ಚಿನವರು ಡ್ರಿಲ್ ಹಿಡಿಯುತ್ತಾರೆ. ಯಾವ ಯಾವ ಮಷಿನ್ ಕೊಳ್ಳಬೇಕು ಎಂದು ಕನ್ನಡ ಕೂಟದ ಸಭೆಗಳಲ್ಲಿ ಹೊಸಬರು ಕೇಳುತ್ತಲೇ ಇರುತ್ತಾರೆ. ನಮ್ಮ ಸಲಹೆ ಇಷ್ಟೇ: ಒಂದು ಒಳ್ಳೆಯ ಬ್ಯಾಟರಿ ಡ್ರಿಲ್ ಕೊಳ್ಳಿ, ಉಳಿದದ್ದನ್ನು ಬೇಕಾದಾಗ ಎರವಲೋ ಬಾಡಿಗೆಗೋ ತನ್ನಿ. ಡ್ರಿಲ್ ಕೊಳ್ಳುವ ಮೊದಲು ಮನೆಯ ಗೋಡೆ ಎಂಥದ್ದೆಂದು ತಿಳಿದುಕೊಳ್ಳಿ.

ಊರಿನಲ್ಲಿರುವ ಡ್ರಿಲ್ಲನ್ನು ಸೂಟ್‌ಕೇಸಿನಲ್ಲಿ ಹೊತ್ತು ತರಬೇಡಿ. ಅದು 230 ವೋಲ್ಟ್, 50 ಹರ್ಟ್ಸ್‌ಗೆ ಮಾಡಿದ್ದು. ಇಲ್ಲಿನ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರಿನಿಂದ ವೋಲ್ಟೇಜ್ ಬದಲಾಗುವುದಿಲ್ಲ.

ಇನ್ನು ಗೋಡೆ. ಬೆಂಗಳೂರು, ಮೈಸೂರಿನ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಲ್ಲಿ ಎಲ್ಲಿ ತೂತು ಕೊರೆದು ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಹೊಡೆದರೂ ಸ್ಕ್ರೂ ನಿಲ್ಲುತ್ತದೆ. ಇಲ್ಲಿನ ಬಹುತೇಕ ಮನೆಗಳ ಒಳಗೋಡೆ ಟೊಳ್ಳು. ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಸುಮಾರು ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆ ಬಡಿದಿರುತ್ತಾರೆ. ಹಲಗೆಗೆ ಡ್ರೈವಾಲ್ ಎಂದೂ ಕಂಬಕ್ಕೆ ಸ್ಟಡ್ ಎಂದೂ ಹೆಸರು. ಸ್ಟಡ್‌ನ ಅಗಲ ಒಂದೂವರೆ ಇಂಚು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸಾಮಾನ್ಯವಾಗಿ 16 ಇಂಚು, ಕೆಲವು ಮನೆಗಳಲ್ಲಿ 24. ಭಾರ ಹೊರುವುದು ಸ್ಟಡ್; ಬರೀ ಡ್ರೈವಾಲಿಗೆ ಬಿಗಿದ ಭಾರದ ಸಾಮಾನು ಒಂದು ದಿನ ಹಲಗೆಯ ಚೂರಿನ ಸಮೇತ ಕಿತ್ತು ಬರುತ್ತದೆ.

ಸ್ಟಡ್ ಹುಡುಕಲು ದುಬಾರಿ ಸಾಧನ ಬೇಕಿಲ್ಲ. ಒಂದು ಬಲವಾದ ಅಯಸ್ಕಾಂತವನ್ನು ಗೋಡೆಯ ಮೇಲೆ ನಿಧಾನವಾಗಿ ಆಡಿಸಿದರೆ ಡ್ರೈವಾಲ್ ಬಡಿದ ಸ್ಕ್ರೂ ಇರುವಲ್ಲಿ ಅಂಟಿಕೊಳ್ಳುತ್ತದೆ. ಅದರ ಮೇಲೆ, ಕೆಳಗೆ ನೇರ ಸಾಲಿನಲ್ಲಿ ಇನ್ನೆರಡು ಕಡೆ ಅಂಟಿದರೆ ಅದು ಸ್ಟಡ್. ಪಕ್ಕಕ್ಕೆ 16 ಇಂಚು ಅಳೆದು ಮತ್ತೆ ನೋಡಿ. ಸ್ವಿಚ್ಚು, ಪ್ಲಗ್ಗಿನ ನೇರ ಮೇಲೆ ಅಥವಾ ಕೆಳಗೆ ಮಾತ್ರ ಕೊರೆಯಬೇಡಿ. ವೈರುಗಳು ಸಾಮಾನ್ಯವಾಗಿ ಅಲ್ಲೇ ಹಾದಿರುತ್ತವೆ. ಕೊರೆಯುತ್ತಿರುವಾಗ ಬಿಟ್ (ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಉಕ್ಕಿಗೆ ತಾಗಿ ನಿಂತರೆ ಬಲ ಹಾಕದೆ ಕೈಬಿಡಿ. ವೈರನ್ನೋ ನೀರಿನ ಪೈಪನ್ನೋ ಕಾಪಾಡಲು ಅಲ್ಲಿ ಉಕ್ಕಿನ ತಗಡು ಹೊಡೆದಿರಬಹುದು.

ದೇವರ ಮಂಟಪದ ಶೆಲ್ಫ್ ಎಂದರೆ ವಿಗ್ರಹ, ದೀಪ, ತಟ್ಟೆ ಎಲ್ಲ ಸೇರಿ ಭಾರವೇ. ಅದರ ಬ್ರಾಕೆಟ್ಟುಗಳು ಎರಡು ಸ್ಟಡ್‌ಗಳ ಮೇಲೆ ಕೂರುವಂತೆ ಜಾಗ ಆರಿಸಿ. ಎರಡೂವರೆ ಇಂಚಿನ ಸ್ಕ್ರೂ ಹಾಕಿದರೆ ಡ್ರೈವಾಲ್ ದಾಟಿ ಮರದೊಳಗೆ ಒಂದೂವರೆ ಇಂಚಿಗಿಂತ ಹೆಚ್ಚು ಇಳಿಯುತ್ತದೆ. ಮೊದಲು ಸಣ್ಣ ತೂತು ಕೊರೆಯಿರಿ, ಎಳೆಗಳನ್ನು ಬಿಟ್ಟರೆ ಸ್ಕ್ರೂವಿನ ಮೈ ಎಷ್ಟು ದಪ್ಪವೋ ಅಷ್ಟೇ. ಹಾಗೆ ಮಾಡಿದರೆ ಮರ ಸೀಳುವುದಿಲ್ಲ. ಎರಡನೇ ಬ್ರಾಕೆಟ್ ಹೊಡೆಯುವ ಮುನ್ನ ರಸಮಟ್ಟ ಇಟ್ಟು ನೋಡಿ. ಗೋಡೆಗೆ ಬಿಗಿಯುವ ಟಿವಿಯ ಸ್ಟ್ಯಾಂಡ್ ಕೂಡ ಸ್ಟಡ್‌ಗೇ ಹೋಗಬೇಕು. ಫೋಟೊ, ಕ್ಯಾಲೆಂಡರಿನಂಥ ಹಗುರ ವಸ್ತುಗಳಿಗೆ ಡ್ರೈವಾಲ್ ಆಂಕರ್, ಅಂದರೆ ಟೊಳ್ಳು ಹಲಗೆಯಲ್ಲಿ ಸ್ಕ್ರೂ ಹಿಡಿದು ನಿಲ್ಲಿಸುವ ಪ್ಲಗ್, ಸಾಕು.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಡ್ರಿಲ್ಲಿನ ಮೊದಲ ಕೆಲಸ ಬಟ್ಟೆಯ ಡ್ರಾಯರ್ ಬೀರುವನ್ನು ಪಟ್ಟಿಯಿಂದ ಸ್ಟಡ್‌ಗೆ ಬಿಗಿಯುವುದು ಆಗಲಿ. ಮಗು ಎಳೆದ ಡ್ರಾಯರುಗಳನ್ನೇ ಮೆಟ್ಟಿಲಾಗಿಸಿ ಹತ್ತಿದರೆ ಬೀರು ಮೈಮೇಲೆ ಉರುಳುತ್ತದೆ. ಈ ದೇಶದಲ್ಲಿ ಹೀಗೆ ಮಕ್ಕಳು ಸತ್ತಿದ್ದಾರೆ. 2023ರ ಸೆಪ್ಟೆಂಬರಿನಿಂದ ತಯಾರಾಗುವ ಇಂಥ ಬೀರುಗಳಿಗೆ ಕಡ್ಡಾಯ ಸ್ಥಿರತೆ ಪರೀಕ್ಷೆ ಬಂದಿದೆ. ಆದರೆ ಹೊಸಬರು ಹೆಚ್ಚಾಗಿ ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಬೀರು, ಅದು ಹಳೆಯದಾಗಿರುವುದೇ ಹೆಚ್ಚು. ಈ ಒಂದನ್ನು ದಯವಿಟ್ಟು ಮುಂದಿನ ವಾರಕ್ಕೆ ಹಾಕಬೇಡಿ.

ಡ್ರಿಲ್ ಆರಿಸುವಾಗ ಒಂದು ವಿಷಯ ನೆನಪಿರಲಿ: ನೀವು ಕೊಳ್ಳುತ್ತಿರುವುದು ಒಂದು ಬ್ಯಾಟರಿ ಕುಟುಂಬವನ್ನು. ರಿಯೋಬಿ, ಡಿವಾಲ್ಟ್, ಮಿಲ್ವಾಕಿ, ಮಕೀಟ ಯಾವುದೇ ಇರಲಿ, ಒಬ್ಬರ ಬ್ಯಾಟರಿ ಇನ್ನೊಬ್ಬರ ಮಷಿನ್ನಿಗೆ ಕೂರುವುದಿಲ್ಲ. ನಿಮ್ಮ ಆಪ್ತರ ಬಳಿ ಯಾವ ಬ್ರ್ಯಾಂಡ್ ಇದೆಯೋ ಅದನ್ನೇ ಕೊಂಡರೆ ಎರವಲಿಗೆ ಅನುಕೂಲ. ಡಬ್ಬಿಯ ಮೇಲಿನ 20 ವೋಲ್ಟ್ ಮ್ಯಾಕ್ಸ್ ಮತ್ತು 18 ವೋಲ್ಟ್ ಶಕ್ತಿಯಲ್ಲಿ ಒಂದೇ. ಒಳಗಿರುವ ಐದು ಲಿಥಿಯಂ ಸೆಲ್ಲುಗಳು ಪೂರ್ತಿ ಚಾರ್ಜಾದಾಗ ಸುಮಾರು 20, ಕೆಲಸದ ವೇಳೆ 18. ಆ 2 ವೋಲ್ಟಿಗೆಂದು ಹೆಚ್ಚು ಹಣ ಕೊಡಬೇಡಿ. ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್ ಸೇರಿದ ಸೆಟ್ಟುಗಳು ಜೂನ್‌ನ ಫಾದರ್ಸ್ ಡೇ ಮತ್ತು ನವೆಂಬರ್‌ನ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಅಗ್ಗವಾಗುತ್ತವೆ.

ಡ್ರಿಲ್ಲಿನ ಮೂತಿಯ ಹಿಂದೆ ಅಂಕಿಗಳಿರುವ ಒಂದು ಬಳೆ ಇರುತ್ತದೆ. ಅದು ಎಷ್ಟು ಬಿಗಿಯಾದ ಮೇಲೆ ತಿರುಗುವುದು ನಿಲ್ಲಬೇಕೆಂದು ಹೇಳುವ ಕ್ಲಚ್. ಐಕಿಯಾದಂಥ ಪುಡಿಹಲಗೆಯ ಪೀಠೋಪಕರಣ ಜೋಡಿಸುವಾಗ ಸಣ್ಣ ಅಂಕಿಯಲ್ಲಿಡಿ, ಇಲ್ಲದಿದ್ದರೆ ಸ್ಕ್ರೂ ತೂತನ್ನೇ ಸವೆಸಿ ಸಡಿಲ ಮಾಡುತ್ತದೆ. ಮೇಲಿರುವ ಗುಂಡಿಯಲ್ಲಿ 1 ಎಂದರೆ ನಿಧಾನ, ಹೆಚ್ಚು ಬಲ, ಸ್ಕ್ರೂವಿಗೆ. 2 ಎಂದರೆ ವೇಗ, ತೂತು ಕೊರೆಯಲಿಕ್ಕೆ.

ಕೆಲಸದ ಹೊತ್ತಿಗೆ ದುಪ್ಪಟ್ಟಾ ತೆಗೆದಿಡಿ, ಜಡೆ ಮೇಲೆ ಕಟ್ಟಿ, ಸಡಿಲ ತೋಳು ಮಡಚಿ. ತಿರುಗುವ ಬಿಟ್ ಹತ್ತಿರ ಬಟ್ಟೆಯ ಕೈಗವಸೂ ಬೇಡ, ಅದು ಬೆರಳನ್ನೇ ಸುತ್ತಿಕೊಳ್ಳಬಹುದು. ಕಣ್ಣಿಗೆ ಸುರಕ್ಷತೆಯ ಕನ್ನಡಕ ಕಡ್ಡಾಯ. ಓದುವ ಕನ್ನಡಕ ಅದಕ್ಕೆ ಬದಲಿಯಲ್ಲ.

ಮರ ಕತ್ತರಿಸಲು ಗರಗಸ ಕೊಳ್ಳುವ ಅವಸರ ಬೇಡ. ಹಲಗೆಯನ್ನು ಹೋಮ್ ಡಿಪೋ, ಲೋವ್ಸ್‌ನಂಥ ಮನೆ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಕೊಂಡರೆ ಅಲ್ಲೇ ನೇರವಾಗಿ ಕತ್ತರಿಸಿ ಕೊಡುತ್ತಾರೆ. ಮುಂದೆ ಬೇಕೆನಿಸಿದರೆ ಮೊದಲು ಜಿಗ್ ಸಾ (ಮೇಲೆ ಕೆಳಗೆ ಆಡುವ ಸಣ್ಣ ಅಲಗಿನ ಗರಗಸ), ಕೈ ಪಳಗಿದ ಮೇಲೆ ಸರ್ಕ್ಯುಲರ್ ಸಾ (ತಿರುಗುವ ದುಂಡು ಅಲಗಿನದು). ವರ್ಷಕ್ಕೊಮ್ಮೆ ಬೇಕಾಗುವ, ಮರ ಉಜ್ಜಿ ನಯ ಮಾಡುವ ಸ್ಯಾಂಡರ್, ಟೈಲ್ ಕತ್ತರಿಸುವ ಮಷಿನ್ ಇವೆಲ್ಲ ಬಾಡಿಗೆಗೆ ಸಿಗುತ್ತವೆ. ಕೆಲವು ಊರುಗಳಲ್ಲಿ ಪುಸ್ತಕದಂತೆ ಉಪಕರಣಗಳನ್ನೂ ಎರವಲು ಕೊಡುವ ಲೈಬ್ರರಿಗಳಿವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಸಾರ್ವಜನಿಕ ಗ್ರಂಥಾಲಯ 1979ರಿಂದ ಈ ಕೆಲಸ ಮಾಡುತ್ತಿದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ವಿಚಾರಿಸಿ, ಕೂಟದ ವಾಟ್ಸಾಪ್ ಗುಂಪಿನಲ್ಲೂ ಸಂಕೋಚವಿಲ್ಲದೆ ಕೇಳಿ.

ಬಾಡಿಗೆ ಮನೆಯವರು ಕೊರೆಯುವ ಮುನ್ನ ಲೀಸ್ (ಬಾಡಿಗೆ ಕರಾರು) ಓದಿ, ಅನುಮತಿಯನ್ನು ಇಮೇಲಿನಲ್ಲೇ ಪಡೆಯಿರಿ. ಡಿಪಾಸಿಟ್ ಮಾತು ಬಂದಾಗ ಅದೇ ದಾಖಲೆ. ಎತ್ತರದ ಕಾಂಕ್ರೀಟ್ ಕಟ್ಟಡದಲ್ಲಿದ್ದರೆ ನೆಲ, ಚಾವಣಿಯ ತಂಟೆಗೆ ಹೋಗಬೇಡಿ, ಬಿಗಿದೆಳೆದ ಉಕ್ಕಿನ ಕೇಬಲ್ಲುಗಳು ಅದರೊಳಗಿರಬಹುದು. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅಲ್ಲಿ ಪರೀಕ್ಷೆ ಮಾಡಿಸದೆ ಗೋಡೆ ಉಜ್ಜಬೇಡಿ, ಆ ಧೂಳು ಮಕ್ಕಳ ಮಿದುಳಿಗೆ ವಿಷ. ಸ್ವಂತ ಮನೆಯ ಹಿತ್ತಲಲ್ಲಿ ಬೇಲಿ ಕಂಬಕ್ಕೆ ಗುಂಡಿ ತೋಡುವ ಕೆಲವು ದಿನ ಮೊದಲು 811ಕ್ಕೆ ಕರೆ ಮಾಡಿ. ಗ್ಯಾಸ್, ಕರೆಂಟಿನ ಮುಖ್ಯ ಲೈನುಗಳು ಎಲ್ಲಿವೆಯೆಂದು ಉಚಿತವಾಗಿ ಗುರುತು ಹಾಕಿಸುತ್ತಾರೆ.

ಸತ್ತ ಲಿಥಿಯಂ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ, ಕಸದ ಲಾರಿಯಲ್ಲಿ ಜಜ್ಜಿ ಬೆಂಕಿ ಹತ್ತಬಹುದು. ಅದರ ಲೋಹದ ತುದಿಗಳಿಗೆ ಟೇಪ್ ಅಂಟಿಸಿ, ಹೋಮ್ ಡಿಪೋ ಅಥವಾ ಲೋವ್ಸ್‌ನ ಬ್ಯಾಟರಿ ಸಂಗ್ರಹದ ಡಬ್ಬಿಗೆ ಹಾಕಿ.